ಸೊಕ್ಕೆಯ ದಾರಿಯಲ್ಲಿ ಆರು ಕಿಲೋಮೀಟರ್

ಚನ್ನಗಿರಿ
ಶನಿವಾರ

ದುರ್ಗಾಂಬಿಕಾ ಅವರಿಗೆ,

ತಂಗಿ ಎಂದು ಬರೆಯೋಣವೆಂದು ಎರಡು ಸಲ ಪೆನ್ನು ಎತ್ತಿದೆ, ಕೈ ಬರಲಿಲ್ಲ. ಸೋಮವಾರ ನಿಮ್ಮ ಬಾಗಿಲಲ್ಲಿ ನೀವು ನನ್ನನ್ನು ಬಾಯಿ ತುಂಬ ಅಕ್ಕ ಎಂದು ಕರೆದಿರಿ. ಈ ಪತ್ರ ಓದಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ನಾನಾಗಿ ನೆಂಟಸ್ತನ ಹೇಳಿಕೊಳ್ಳುವುದು ಸರಿಯಲ್ಲ.

ಒಂದು ಕೇಳಿಕೊಳ್ಳುತ್ತೇನೆ. ಇದನ್ನು ಒಬ್ಬರೇ ಕೂತು ಓದಿ. ನೀವು ಕೆಲಸ ಮಾಡುವ ಅಂಗನವಾಡಿಯ ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು ಓದಿದರೆ ಒಳ್ಳೆಯದು. ನಿಮ್ಮ ಯಜಮಾನರು ಮೂಕಪ್ಪಣ್ಣನಿಗೆ ಆಮೇಲೆ ನೀವೇ ಹೇಳುವಿರಂತೆ.

ನನ್ನ ಗಂಡ ಅಫ್ತಾಬ್ ನನ್ನ ಬಗ್ಗೆ ನಿಮಗೆ ಏನೇನು ಹೇಳಿದ್ದಾರೋ ತಿಳಿಯದು. ಚನ್ನಗಿರಿ ತಾಲ್ಲೂಕು ಕಚೇರಿಯ ಎದುರಿನ ಸಣ್ಣ ಮಳಿಗೆಯಲ್ಲಿ ಕೂತು ನಾನು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ಅಣ್ಣ ತಮ್ಮನಿಗೆ ಮಾಡಿದ ಮೋಸ, ಮಾವ ಸೊಸೆಗೆ ಮಾಡಿದ ಮೋಸ, ಸತ್ತವರ ಹೆಬ್ಬೆಟ್ಟು ಒತ್ತಿಸಿಕೊಂಡವರ ಮೋಸ, ಎಲ್ಲವನ್ನೂ ಈ ಕೈ ಬರೆದಿದೆ. ಹೀಗಾಗಿ ಯಾರು ಏನು ಹೇಳಿದರೂ ಅದರ ಹಿಂದೆ ಇನ್ನೊಂದು ಮಾತು ಅಡಗಿದೆ ಎಂದು ಹುಡುಕುವ ಚಾಳಿ ನನಗೆ ಅಂಟಿಬಿಟ್ಟಿದೆ. "ನೀನು ಚಹಾ ಕುಡಿಯೋಕೂ ಮುಂಚೆ ಲೋಟದ ತಳ ನೋಡ್ತೀಯ" ಎಂದು ಅವರು ನಗುತ್ತಿದ್ದರು. ಆ ನಗು ನಿಂತು ಒಂಬತ್ತು ತಿಂಗಳಾಯಿತು. ಯಾಕೆ ನಿಂತಿತೆಂದು ನನಗೆ ತಿಳಿದದ್ದು ಈ ವಾರ.

ಅವರು ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತುವವರು ಎಂದು ನಿಮಗೆ ಗೊತ್ತು. ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನಮ್ಮ ಹಳೇ ಕಾರಿನಲ್ಲಿ ಹೊಲ ಹೊಲ ಸುತ್ತುತ್ತಾರೆ. ಹೊಲಗಳಲ್ಲಿ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಫೋನಿಗೆ ಮೊದಲೇ ಮ್ಯಾಪ್ ಇಳಿಸಿಟ್ಟುಕೊಂಡು ಅದರ ದಾರಿಯಲ್ಲಿ ಹೋಗಿಬರುವುದನ್ನು ಕಲಿತರು. ಒಮ್ಮೆ ಹೋದ ಹೊಲ ಮರುಸಲ ಸಿಗಲಿ ಎಂದು ಕಾರು ಓಡಿದ ದಾರಿಯೆಲ್ಲ ಗೆರೆಯಾಗಿ, ತಾರೀಖು ಮತ್ತು ಗಂಟೆಯ ಸಮೇತ ಫೋನಿನಲ್ಲೇ ಉಳಿಯುವ ಹಾಗೆ ಮಾಡಿಕೊಂಡಿದ್ದರು.

ಎರಡು ತಿಂಗಳ ಹಿಂದೆ ಅವರು ಹೊಸ ಫೋನು ತಗೊಂಡು ಹಳೆಯದನ್ನು ನನಗೆ ಕೊಟ್ಟರು. ನಾನು ಕಾರು ಕಲಿತು ಮೂರು ವರ್ಷವಾದರೂ ಒಬ್ಬಳೇ ಹೋಗುತ್ತಿದ್ದುದು ನ್ಯಾಮತಿಯ ನಮ್ಮ ಅಕ್ಕ ದಿಲ್‌ಶಾದ್ ಬೇಗಂ ಮನೆಗೆ ಮಾತ್ರ. "ಮ್ಯಾಪು ಎಲ್ಲಾ ಅದರಾಗೇ ಐತೆ. ನೆಟ್ ಇಲ್ದಿದ್ರೂ ನಡೀತೈತೆ. ಇನ್ನು ಎಲ್ಲಿಗೆ ಬೇಕಾದ್ರೂ ಹೋಗು" ಎಂದರು. ಆ ಮಾತಿಗೇ ನನಗೆ ಮೊದಲ ಅನುಮಾನ ಬಂತು. ನಾನು ಎಲ್ಲೆಲ್ಲಿಗೆ ಹೋಗುತ್ತೇನೆಂದು ನೋಡುವುದಕ್ಕೆ ಕೊಟ್ಟರೇ?

ಮಳಿಗೆಯಲ್ಲಿ ಜನ ಕಡಿಮೆ ಇದ್ದ ಒಂದು ಮಧ್ಯಾಹ್ನ ಅದನ್ನು ಬಿಡಿಸಿ ನೋಡುತ್ತ ಕೂತೆ. ಗುರುತು ಹಾಕಿಕೊಂಡ ಜಾಗಗಳ ಪಟ್ಟಿ ಇತ್ತು. ಹೊನ್ನಾಳಿ ಷಣ್ಮುಖಪ್ಪ ಬೋರು, ನ್ಯಾಮತಿ ಮಲ್ಲೇಶಪ್ಪ ತೋಟ, ಹೀಗೆ ಎಲ್ಲಕ್ಕೂ ಹೆಸರು. ಒಂದೇ ಒಂದು ಜಾಗಕ್ಕೆ ಹೆಸರಿಲ್ಲ, ಬರೀ ಚುಕ್ಕೆ. ಬೆರಳಿನಿಂದ ದೊಡ್ಡದು ಮಾಡಿದರೆ ಸೊಕ್ಕೆ, ಊರಿನ ಅಂಚಿನ ಒಂದು ಮನೆ. ಹಿಂದಿನ ಗೆರೆಗಳನ್ನು ತೆಗೆದೆ. ಹದಿನೈದು ದಿನಕ್ಕೊಂದು ಗುರುವಾರ ತಪ್ಪದೆ ಕಾರು ಆ ಚುಕ್ಕೆಗೆ ಹೋಗಿತ್ತು. ಅಲ್ಲಿಂದ ದಾವಣಗೆರೆ, ದಾವಣಗೆರೆಯಿಂದ ಮತ್ತೆ ಅದೇ ಚುಕ್ಕೆ. ಅಷ್ಟೂ ಗುರುವಾರ ನನಗೆ ಹೇಳಿದ್ದು ಹೊನ್ನಾಳಿ.

ಆಮೇಲೆ ನಾನು ಏನೇನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಗುರುವಾರ ಸಂಜೆ ಅವರು ಕೈಕಾಲು ತೊಳೆಯುವಾಗ ಹೋಗಿ ಕಾರಿನೊಳಗೆ ಮೂಗು ಹಾಕುತ್ತಿದ್ದೆ. ನೋವಿನ ಎಣ್ಣೆಯ ವಾಸನೆ. ಮುಂದಿನ ಸೀಟು ಹಿಂದಕ್ಕೆ ಸರಿದಿರುತ್ತಿತ್ತು. ಒಂದು ಸಲ ಸೀಟಿನಲ್ಲಿ ತಲೆ ಒರಗುವ ಕಡೆ ವಿಭೂತಿ ಮೆತ್ತಿತ್ತು. ಮನೆಗೆ ಬರುತ್ತಿದ್ದ ಶೇಂಗಾ, ಹುಣಸೆಹಣ್ಣು ಯಾರು ಕೊಟ್ಟರೆಂದು ಕೇಳಿದರೆ "ಗಿರಾಕಿ" ಎನ್ನುತ್ತಿದ್ದರು. ಇಷ್ಟು ಸಾಕಾಯಿತು ನನಗೆ. ಮುಖ ಕಾಣದ ಒಬ್ಬ ಹೆಂಗಸನ್ನು ಆ ಚುಕ್ಕೆಯೊಳಗೆ ಕೂರಿಸಿದೆ. ಅವಳಿಗೆ ಸೀರೆ ಉಡಿಸಿದೆ, ಹೂ ಮುಡಿಸಿದೆ. ದುರ್ಗಾಂಬಿಕಾ ಅವರೇ, ನಿಮ್ಮ ಹೆಸರು ಗೊತ್ತಾಗುವ ಮೊದಲೇ ನಾನು ನಿಮ್ಮ ಮೇಲೆ ಹೊರಿಸಬಾರದ್ದನ್ನೆಲ್ಲ ಹೊರಿಸಿದ್ದೆ. ಮೊದಲು ಅದಕ್ಕೆ ಕ್ಷಮೆ ಕೇಳುತ್ತೇನೆ.

ಸೋಮವಾರ ಅವರು ಬೈಕಿನಲ್ಲಿ ಅಂಗಡಿಗೆ ಹೋದರು. ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದು ನಾನೂ ಸುಳ್ಳು ಹೇಳಿ ಕಾರು ತೆಗೆದೆ. ಫೋನನ್ನು ಎದುರಿಗಿಟ್ಟು ಆ ಚುಕ್ಕೆಯನ್ನು ಒತ್ತಿದೆ. ದಾವಣಗೆರೆಯ ಗದ್ದಲದಲ್ಲಿ ಎರಡು ಕಡೆ ತಪ್ಪಿದೆ. ಜಗಳೂರು ದಾಟಿದ ಮೇಲೆ ಸಿಗ್ನಲ್ಲಿನ ಕಡ್ಡಿಗಳೆಲ್ಲ ಹೋದವು, ಆದರೂ ಆ ದನಿ ನಿಲ್ಲಲಿಲ್ಲ. ನೂರು ಮೀಟರ್ ನಂತರ ಎಡಕ್ಕೆ, ಇನ್ನೂರು ಮೀಟರ್ ನಂತರ ಬಲಕ್ಕೆ. ಎರಡೂ ಕಡೆ ಮೆಕ್ಕೆಜೋಳ, ಒಂದು ಆಳೂ ಕಾಣದು. ಇಷ್ಟು ನಿಖರವಾಗಿ ಕರೆದುಕೊಂಡು ಹೋಗುತ್ತಿದೆಯಲ್ಲ, ಎಷ್ಟು ಸಲ ಬಂದಿರಬೇಕು ಎಂದು ಹೊಟ್ಟೆ ಉರಿಯುತ್ತಿತ್ತು. ನೀವು ಬಾಗಿಲು ತೆಗೆದಾಗ ಏನು ಕೇಳಬೇಕೆಂದು ಮೂರು ತರದ ಮಾತು ಕಟ್ಟಿಕೊಂಡಿದ್ದೆ.

ನೀವು ಒಂದನ್ನೂ ಆಡಗೊಡಲಿಲ್ಲ. ಕಾರಿನ ಸದ್ದಿಗೆ ಕೈಯಲ್ಲಿದ್ದ ಮೊರದ ಸಮೇತ ಹೊರಗೆ ಬಂದಿರಿ. "ಅಣ್ಣ ಯಾಕೆ ಇವತ್ತು ಬಂದ? ಇವತ್ತು ಗುರುವಾರ ಅಲ್ಲಲ್ಲ!" ಎಂದಿರಿ. ಇಳಿದವಳು ನಾನು. ಗಳಿಗೆ ಹೊತ್ತು ನನ್ನನ್ನೇ ನೋಡಿ, "ಯಾಸ್ಮೀನಕ್ಕ ಅಲ್ಲೇನ್ರೀ? ಅಣ್ಣ ಹೇಳಿದಂಗೇ ಅದೀರಿ. ಬರ್ರಿ, ಒಳಗೆ ಬರ್ರಿ" ಎಂದು ಕೈ ಹಿಡಿದಿರಿ. ನನ್ನ ಕಣ್ಣು ಆಗ ಎಲ್ಲಿತ್ತು ಗೊತ್ತೇ? ನಿಮ್ಮ ಕೊರಳಲ್ಲಿ. ತಾಳಿ ಇದೆಯೇ, ಯಾರು ಕಟ್ಟಿದ ತಾಳಿ ಎಂದು.

ಒಳಗೆ ಮಂಚದ ಮೇಲೆ ಮೂಕಪ್ಪಣ್ಣ ಕೂತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ಊರುಗೋಲು, ಹಣೆಯಲ್ಲಿ ಅದೇ ವಿಭೂತಿ. ನನ್ನನ್ನು ನೋಡಿ ಏಳಲು ಹೋದರು, ಆಗಲಿಲ್ಲ. "ನಿಮ್ಮನೆಯವ್ರು ಇಲ್ದಿದ್ರೆ ನಾನು ಅವತ್ತೇ ಮಣ್ಣಾಗ್ತಿದ್ದೆ ಕಣ್ರವ್ವ" ಎಂದರು. ನೀವು ಎಲ್ಲವನ್ನೂ ಹೇಳಿದಿರಿ. ಕಳೆದ ನವೆಂಬರ್ ಹದಿನೆಂಟರ ಸಂಜೆ. ಜೋಳದ ಸೊಪ್ಪೆ ಹೊರೆ ಹೊತ್ತು ರಸ್ತೆ ಬದಿಯಲ್ಲಿ ಬರುತ್ತಿದ್ದವರಿಗೆ ಯಾವುದೋ ಗಾಡಿ ಗುದ್ದಿ ನಿಲ್ಲದೆ ಹೋಯಿತು. ಸೊಂಟ ಮುರಿದು ಬಿದ್ದಿದ್ದರು, ಪ್ರಜ್ಞೆ ಇರಲಿಲ್ಲ. ಆ ದಾರಿಯಲ್ಲಿ ಬಂದ ಅಫ್ತಾಬ್ ಎತ್ತಿ ಹಾಕಿಕೊಂಡು ದಾವಣಗೆರೆಗೆ ಹೋದರು. ಅಂದಿನಿಂದ ಇಂದಿನವರೆಗೆ ವ್ಯಾಯಾಮಕ್ಕೆಂದು ಆಸ್ಪತ್ರೆಗೆ ಕರೆದೊಯ್ದು ಕರೆತರುತ್ತಿರುವವರು ಅವರೇ. "ಒಡಹುಟ್ಟಿದೋರು ಮಾಡಲ್ಲ ಬಿಡ್ರಿ" ಎಂದಿರಿ.

ನನ್ನ ಎದೆ ಎಷ್ಟು ಹಗುರಾಯಿತೆಂದರೆ ಅಲ್ಲೇ ಅತ್ತುಬಿಟ್ಟೆ. ಮೂಕಪ್ಪಣ್ಣನ ಕಷ್ಟಕ್ಕೆ ಅತ್ತೆನೆಂದು ನೀವು ತಿಳಿದುಕೊಂಡಿರಿ. ನೀವೂ ಕಣ್ಣೊರೆಸಿಕೊಂಡು ದೇವರ ಗೂಡಿನ ಕಡೆ ಕೈ ತೋರಿಸಿ ಅಂದಿರಿ: "ದಿನಾ ದೀಪ ಹಚ್ಚಿದಾಗ ಎರಡು ಮಾತು ಬೇಡ್ಕೊಳ್ತೀನಕ್ಕ. ಅಣ್ಣನ ಮನೆ ತಣ್ಣಗಿರ್ಲಿ. ಗುದ್ದಿ ಓಡಿಹೋದೋನ ಕೈ ಸೇದಿಹೋಗ್ಲಿ." ಮತ್ತೆ ದನಿ ತಗ್ಗಿಸಿ, "ಅರ್ಧ ಗಂಟೆ ಮೊದ್ಲು ತಂದಿದ್ರೆ ಎಡಗಾಲಿಗೆ ಇಷ್ಟಾಗ್ತಿರಲಿಲ್ಲವೇನೋ ಅಂದ್ರು ಡಾಕ್ಟ್ರು" ಎಂದಿರಿ.

ನಿಮ್ಮ ಮನೆಯಿಂದ ಹೊರಟಾಗ ನಾನು ನಗುತ್ತಿದ್ದೆ. ಜಗಳೂರಿನವರೆಗೂ ನಗುತ್ತಲೇ ಇದ್ದೆ. ಅಲ್ಲಿ ನನ್ನ ಹಳೇ ಚಾಳಿ ಎದ್ದು ಕೂತಿತು. ಇಷ್ಟು ಒಳ್ಳೆಯ ಕೆಲಸ ಮಾಡಿದ ಮನುಷ್ಯ ಹೆಂಡತಿಗೆ ಯಾಕೆ ಮುಚ್ಚಿಡುತ್ತಾನೆ? ಯಾರಿಗೋ ನೀರು ಕೊಟ್ಟದ್ದನ್ನೂ ಊಟಕ್ಕೆ ಕೂತಾಗ ಹೇಳುವವರು ಅವರು. ಹದಿನೆಂಟು ನವೆಂಬರ್ ಎಂದಿರಲ್ಲ, ಆ ತಾರೀಖು ಕಾಡತೊಡಗಿತು. ಅದರ ಮರುದಿನ ನಮ್ಮ ಅಫ್ಶೀನ್ ಹುಟ್ಟಿದ ದಿನ. ಮಗಳಿಗೆ ಕೇಕ್ ತರಬೇಕಾದವರು ಸಂಜೆಯವರೆಗೆ ಗ್ಯಾರೇಜಿನಲ್ಲಿದ್ದರು. ಎಡಗಡೆಯ ದೀಪ ಒಡೆದಿತ್ತು, ಬಂಪರ್ ಒಳಗೆ ಹೋಗಿತ್ತು. ಹೊನ್ನಾಳಿ ಹತ್ತಿರ ಎಮ್ಮೆ ಅಡ್ಡ ಬಂತು ಎಂದಿದ್ದರು.

ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಫೋನಿನಲ್ಲಿ ಆ ದಿನದ ಗೆರೆ ತೆಗೆದೆ.

ಗೆರೆ ಸೊಕ್ಕೆಯ ಆಚೆಯ ಒಂದು ಹೊಲದಿಂದ ಹೊರಟಿತ್ತು. ಜಗಳೂರಿಗೆ ತಿರುಗಬೇಕಾದ ಕಡೆ ತಿರುಗದೆ ನೇರ ಹೋಗಿತ್ತು. ನೀವು ಹೇಳಿದ ಜಾಗವನ್ನು ಆರು ಗಂಟೆ ಹನ್ನೆರಡು ನಿಮಿಷಕ್ಕೆ ದಾಟಿತ್ತು. ದಾಟಿ ಆರು ಕಿಲೋಮೀಟರ್ ಹೋಗಿತ್ತು. ಅಲ್ಲಿ ಹನ್ನೊಂದು ನಿಮಿಷ ನಿಂತಿತ್ತು. ಆಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ ಅದೇ ಜಾಗಕ್ಕೆ ಆರೂ ನಲವತ್ತಕ್ಕೆ ಬಂದಿತ್ತು. ಒಂದೇ ರಸ್ತೆಯ ಮೇಲೆ ಹೋದ ಗೆರೆ, ಬಂದ ಗೆರೆ. ನಡುವೆ ಇಪ್ಪತ್ತೆಂಟು ನಿಮಿಷ. ಅಷ್ಟು ಹೊತ್ತು ನಿಮ್ಮ ಗಂಡ ಒಬ್ಬರೇ ಬಿದ್ದಿದ್ದರು.

ದುರ್ಗಾಂಬಿಕಾ ಅವರೇ, ಓಡಿಹೋದವನೂ ಎತ್ತಿಕೊಂಡು ಹೋದವನೂ ಒಬ್ಬನೇ. ಅವನು ನನ್ನ ಗಂಡ.

ಇನ್ನು ಮುಂದೆ ಓದಲು ಮನಸ್ಸಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಹೇಳಲೇಬೇಕಾದ್ದು ಇಷ್ಟೇ. ಉಳಿದದ್ದನ್ನು ನೀವು ಕೇಳಬಹುದು ಎಂದುಕೊಂಡು ಬರೆಯುತ್ತಿದ್ದೇನೆ.

ಸಂಜೆ ಅವರು ಅಂಗಡಿಯಿಂದ ಬಂದಾಗ ಫೋನನ್ನು ಎದುರಿಗಿಟ್ಟೆ, ಗೆರೆ ತೆರೆದೇ ಇತ್ತು. ಅವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮನೆಯಲ್ಲಿ ನಾವು ಉರ್ದು ಆಡುವವರು. ಅವತ್ತು ಅವರು ಕನ್ನಡದಲ್ಲಿ ಶುರು ಮಾಡಿ ಕನ್ನಡದಲ್ಲೇ ಮುಗಿಸಿದರು. ನನಗಲ್ಲ, ನಿಮಗೇ ಹೇಳುತ್ತಿದ್ದಾರೆ ಅನ್ನಿಸಿತು. ಅದಕ್ಕೇ ಅವರ ಮಾತನ್ನು ಹಾಗೇ ಇಳಿಸುತ್ತೇನೆ.

"ತಿರುವು ತಪ್ಪಿತ್ತು. ಫೋನು ಹಿಂದಕ್ಕೆ ತಿರುಗಿ, ಹಿಂದಕ್ಕೆ ತಿರುಗಿ ಅಂತಿತ್ತು. ಎಲ್ಲಿ ತಿರುಗೋದು ಅಂತ ಅದನ್ನೇ ನೋಡ್ತಿದ್ದೆ. ಕಣ್ಣು ರಸ್ತೆ ಮೇಲೆ ಇರ್ಲಿಲ್ಲ. ಗುದ್ದಿದಾಗ ಸೊಪ್ಪೆ ಹೊರೆ ಅಂದ್ಕೊಂಡೆ. ಕನ್ನಡೀಲಿ ಕಾಲು ಕಾಣಿಸ್ತು. ನಿಲ್ಲಿಸಬೇಕಿತ್ತು. ಜನ ಸೇರ್ತಾರೆ, ಹೆಸರು ಕೇಳ್ತಾರೆ, ಹೆಸರು ಕೇಳಿದ್ಮೇಲೆ ಮಾತು ಬೇರೆ ಆಗ್ತೈತೆ ಅಂತ ಹೆದರಿದೆ. ಕಾಲು ತಾನೇ ಎಕ್ಸಲೇಟರ್ ಒತ್ತಿಬಿಡ್ತು. ಆ ಫೋನು ಮಾತ್ರ ನಿಲ್ಲಿಸಲಿಲ್ಲ. ಹಿಂದಕ್ಕೆ ತಿರುಗಿ ಅಂತ ಹೇಳ್ತಾನೇ ಇತ್ತು. ಅದರ ಬಾಯಿ ಮುಚ್ಚಿಸಿದೆ. ಮುಚ್ಚಿಸಿದ ಮೇಲೆ ಒಳಗೆ ಸದ್ದೇ ಇಲ್ಲ. ಆಮೇಲೆ ಗಾಡಿ ಮುಂದಕ್ಕೆ ಓಡಿಸಾಕೆ ಆಗ್ಲಿಲ್ಲ."

ಜನ ಸೇರುವ ಭಯ ಸುಳ್ಳಲ್ಲ. ನಾವು ಬದುಕುತ್ತಿರುವ ಕಾಲ ನಿಮಗೂ ಗೊತ್ತು. ಆದರೆ ನಿರ್ಜನ ರಸ್ತೆಯಲ್ಲಿ ಬಿದ್ದ ಮನುಷ್ಯನಿಗೆ ಆ ಭಯದಿಂದ ಏನೂ ಉಪಯೋಗವಿಲ್ಲ. ಅದನ್ನು ಅವರಿಗೆ ಹೇಳಿದೆ. "ನಾನೂ ಅದನ್ನೇ ಹೇಳ್ಕೊಂಡಿದೀನಿ, ಒಂಬತ್ತು ತಿಂಗಳಿಂದ" ಎಂದರು.

ನನ್ನ ಅನುಮಾನ ಅಷ್ಟಕ್ಕೆ ನಿಲ್ಲುವಂಥದ್ದಲ್ಲ. ಕೇಳಿದೆ: ನೀವು ತಿರುಗಿದ್ದು ಆ ಮನುಷ್ಯನಿಗಾಗಿಯೋ, ಊರಿಗೆ ಬರುವ ದಾರಿ ಅದೇ ಆಗಿತ್ತು ಎಂದೋ? ಅವರು ಫೋನನ್ನು ನನ್ನ ಕಡೆ ಸರಿಸಿದರು. ನಾನೇ ಫೋನು ತಗೊಂಡು ಅವರು ಹನ್ನೊಂದು ನಿಮಿಷ ನಿಂತಿದ್ದ ಜಾಗದಲ್ಲಿ ಬೆರಳಿಟ್ಟು, ಅಲ್ಲಿಂದ ದಾವಣಗೆರೆಗೆ ದಾರಿ ಕೇಳಿದೆ. ಅದೊಂದು ಕೂಡುರಸ್ತೆ. ಮ್ಯಾಪು ಬಲಗಡೆಯ ದಾರಿ ತೋರಿಸಿತು. ಹಿಂದಿರುಗುವ ದಾರಿಗಿಂತ ಅದು ಹತ್ತಿರ. ಆ ದಾರಿ ಹಿಡಿದಿದ್ದರೆ ಅವರು ನಿಮ್ಮೂರನ್ನು ಮತ್ತೆ ನೋಡಬೇಕಾಗಿರಲಿಲ್ಲ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವರು ಆ ದಾರಿ ಹಿಡಿಯಲಿಲ್ಲ. ನನ್ನ ಗಂಡನ ಪರವಾಗಿ ನನ್ನ ಕೈಯಲ್ಲಿರುವ ಸಾಕ್ಷಿ ಇದೊಂದೇ. ಇದು ನಿಮಗೆ ಸಾಕಾಗಬೇಕೆಂದು ನಾನು ಹೇಳುವುದಿಲ್ಲ. ಅವರ ಜೊತೆ ಒಂದೇ ಮನೆಯಲ್ಲಿ ಇರುವುದಕ್ಕೆ ನನಗೆ ಸಾಕಾಯಿತು, ಅದೂ ಹೇಗೋ ಸಾಕಾಯಿತು.

ಆ ಗೆರೆಯನ್ನು ಯಾಕೆ ಅಳಿಸಲಿಲ್ಲ ಎಂದೂ ಕೇಳಿದೆ. ಅಷ್ಟೂ ಗೆರೆಗಳಿದ್ದ ಫೋನನ್ನು ನನ್ನಂಥ ಹೆಂಗಸಿನ ಕೈಗೆ ಯಾಕೆ ಕೊಟ್ಟಿರಿ? ಬೇಕೆಂದೇ ಕೊಟ್ಟಿರಾ? "ಗೊತ್ತಿಲ್ಲ" ಎಂದರು. ಇವತ್ತಿಗೂ ನಾನು ಆ ಉತ್ತರವನ್ನು ಪೂರ್ತಿ ನಂಬಿಲ್ಲ.

ನಿಮ್ಮ ಮನೆಗೆ ಬಂದು ಕಾಲು ಹಿಡಿದು ಹೇಳಿಬಿಡುತ್ತೇನೆ ಎಂದು ಮಂಗಳವಾರ ಬೆಳಿಗ್ಗೆ ಹೊರಟು ನಿಂತಿದ್ದರು. ನಾನೇ ತಡೆದೆ. ಬಂದರೆ ನೀವು ಅಣ್ಣ ಬಂದ ಎಂದು ಚಾಪೆ ಹಾಸುತ್ತೀರಿ, ತಂಬಿಗೆಯಲ್ಲಿ ನೀರು ತರುತ್ತೀರಿ. ಆ ನೀರು ಕುಡಿದ ಮೇಲೆ ಹೇಳಿದರೆ ಅದು ಇನ್ನೊಂದು ಮೋಸ. ಎದುರಿಗೆ ಕೂತವನು ಅಳುತ್ತಿದ್ದರೆ ನಿಮಗೆ ಸಿಟ್ಟು ಮಾಡಲೂ ಬಿಡುವು ಸಿಗುವುದಿಲ್ಲ. ನೀವು ಸಿಟ್ಟಾಗಬೇಕು. ಯಾರ ಮುಖವನ್ನೂ ನೋಡದೆ, ಯಾರ ಹಂಗೂ ಇಲ್ಲದೆ ಸಿಟ್ಟಾಗಬೇಕು. ಅದಕ್ಕೇ ಕಾಗದ.

ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಬಂದು ಹೆಚ್ಚೆಂದರೆ ಮಂಗಳವಾರ ನಿಮ್ಮ ಕೈ ಸೇರುತ್ತದೆ. ಬುಧವಾರ ಅವರು ತಮ್ಮ ಅಣ್ಣ ಕಲೀಮುಲ್ಲಾ ಅವರನ್ನು ಕರೆದುಕೊಂಡು ಠಾಣೆಗೆ ಹೋಗುತ್ತಾರೆ. ಅವತ್ತಿನ ಅಪಘಾತದ ದೂರಿನಲ್ಲಿ ಅಪರಿಚಿತ ವಾಹನ ಎಂದು ಬರೆದಿರುವ ಕಡೆ ತಮ್ಮ ಕಾರಿನ ನಂಬರು ಬರೆಸುತ್ತಾರೆ. ಹೇಳಿಕೆಯನ್ನು ಬರೆದುಕೊಡು ಎಂದು ನನ್ನನ್ನು ಕೇಳಿದರು. ಊರಿಗೆಲ್ಲ ಬರೆದುಕೊಟ್ಟವಳು ಅದೊಂದನ್ನು ಬರೆದುಕೊಡಲಿಲ್ಲ. ಮೂರು ದಿನ ಕೂತು ಅವರೇ ಬರೆದರು. ಕಾಗುಣಿತ ತಪ್ಪಿದೆ, ನಾನು ತಿದ್ದಲಿಲ್ಲ. ಆರು ಕಿಲೋಮೀಟರ್ ಓಡಿಹೋದದ್ದನ್ನು ಬಿಟ್ಟಿದ್ದಾರೆಯೇ ಎಂದು ಮಾತ್ರ ಹುಡುಕಿದೆ. ಬಿಟ್ಟಿರಲಿಲ್ಲ. ಅದರ ಒಂದು ನಕಲು ಇದರೊಳಗಿದೆ, ಫೋನಿನ ಗೆರೆಯ ಚಿತ್ರವೂ ಇದೆ. ನಾಳೆ ಯಾರಾದರೂ ಬಂದು, ನಾವೇ ಇರಲಿ, ಮಾತು ಬದಲಿಸಿದರೆ ನಿಮ್ಮ ಕೈಯಲ್ಲಿ ಕಾಗದ ಇರಲಿ. ಯಾರನ್ನೂ ಸುಮ್ಮನೆ ನಂಬಬೇಡಿ. ನನ್ನನ್ನೂ.

ಖಾಕಿಯವರು ನಿಮ್ಮ ಮನೆಗೆ ಬರುತ್ತಾರೆ. ಅವರ ಬಾಯಲ್ಲಿ ಕೇಳುವ ಮೊದಲು ನಮ್ಮ ಮನೆಯಿಂದ ಕೇಳಬೇಕು ಎಂದು ಇಷ್ಟು ಅವಸರ. ಅವರು ಕೇಳಿದಾಗ ಅಫ್ತಾಬ್ ನಮ್ಮನ್ನು ಚೆನ್ನಾಗಿ ನೋಡಿಕೊಂಡ ಎಂದು ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹಾಗೆ ಹೇಳಿ ಎಂದು ನಾವು ಯಾರೂ ಕೇಳುವುದಿಲ್ಲ. ಕೇಳಲು ಯಾರಾದರೂ ಬಂದರೆ ಬಾಗಿಲು ಹಾಕಿಕೊಳ್ಳಿ.

ಇನ್ನೊಂದು ಮಾತು ಉಳಿದಿದೆ. ಬರುವ ಗುರುವಾರ ಮೂಕಪ್ಪಣ್ಣನ ಆಸ್ಪತ್ರೆಯ ದಿನ. ಒಂದು ಸಲ ತಪ್ಪಿದರೂ ಕಾಲು ಮತ್ತೆ ಬಿಗಿಯುತ್ತದೆ ಎಂದು ನೀವೇ ಹೇಳಿದ್ದಿರಿ. ಕಾರನ್ನು ಠಾಣೆಯವರು ಇಟ್ಟುಕೊಳ್ಳಬಹುದು, ಅದಕ್ಕೇ ಭಾವ ಕಲೀಮುಲ್ಲಾ ಅವರ ಕಾರು ಕೇಳಿ ಇಟ್ಟಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಸೊಕ್ಕೆ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿಕೊಂಡಿರುತ್ತೇನೆ. ನಾನೊಬ್ಬಳೇ. ನಿಮ್ಮ ಮನೆಯವರೆಗೆ ಬರುವುದಿಲ್ಲ, ಹಾರನ್ ಮಾಡುವುದಿಲ್ಲ, ಯಾರ ಕೈಲೂ ಹೇಳಿ ಕಳಿಸುವುದಿಲ್ಲ. ನೀವಿಬ್ಬರೂ ಬಂದು ಹಿಂದಿನ ಸೀಟಿನಲ್ಲಿ ಕೂತರೆ ದಾವಣಗೆರೆಗೆ ಹೋಗೋಣ. ದಾರಿಯುದ್ದ ನನ್ನ ಜೊತೆ ಒಂದು ಮಾತೂ ಆಡಬೇಕಾಗಿಲ್ಲ. ಹತ್ತರವರೆಗೆ ಕಾಯುತ್ತೇನೆ. ಬರದಿದ್ದರೆ ತಿರುಗಿಸಿಕೊಂಡು ಹೋಗುತ್ತೇನೆ, ಹದಿನೈದು ದಿನ ಬಿಟ್ಟು ಅದೇ ಹೊತ್ತಿಗೆ ಮತ್ತೆ ಬಂದು ನಿಲ್ಲುತ್ತೇನೆ. ಮೂಕಪ್ಪಣ್ಣ ಊರುಗೋಲಿಲ್ಲದೆ ನಿಮ್ಮ ಹೊಲದವರೆಗೆ ನಡೆದರು ಎಂದು ನನ್ನ ಕಿವಿಗೆ ಬೀಳುವವರೆಗೂ ಬರುತ್ತೇನೆ.

ಆ ದಿನ ಬೇಗ ಬರಲಿ ಎಂದು ಐದು ಹೊತ್ತೂ ಬೇಡಿಕೊಳ್ಳುತ್ತಿದ್ದೇನೆ. ನಿಮ್ಮ ಕೋಪಕ್ಕೂ ನಿಮಗೂ ಒಳ್ಳೆಯದಾಗಲಿ.

ನಿಮ್ಮಿಂದ ಯಾವ ಉತ್ತರವನ್ನೂ ಕೇಳಲು ಹಕ್ಕಿಲ್ಲದ,
ಯಾಸ್ಮೀನ್